ಗಾಯನದಲ್ಲಿ ಕ್ಷೇಮಮಾರ್ಗವೂ ಸಾಹಸಮಾರ್ಗವೂ

(ಮಹೋತ್ಸವದ ಸಂಗೀತಗೋಷ್ಠಿಯಲ್ಲಿ ನಡೆದ ಉಪನ್ಯಾಸ)



ಮಠದ ಜಾತ್ರೆಯಲ್ಲಿ ರಾತ್ರಿಯೆಲ್ಲ ಕುಳಿತು ಗವಾಯಿಗಳ ಗಾಯನವನ್ನು ಕೇಳುವದು ಈ ನಾಡಿನ ಭಕ್ತರಿಗೆ ಹೊಸತಲ್ಲ. ತೇರು ಸಾಗಿ, ಪ್ರಸಾದವಾಗಿ, ತಂಬೂರಿಯ ಶ್ರುತಿ ಕೂಡಿತೆಂದರೆ ಬೆಳಗಿನ ಜಾವದವರೆಗೂ ಕದಲದೆ ಕುಳಿತವರು ಈ ಸಭೆಯಲ್ಲಿಯೇ ಅನೇಕರಿರುವರು. ಹಾಗೆ ಕೇಳಿದವರ ಅನುಭವಕ್ಕೆ ಬಂದ ಸಂಗತಿಯೊಂದುಂಟು. ಒಂದು ರಾತ್ರಿ ಗವಾಯಿಯು ಎಲ್ಲಿಯೂ ತಪ್ಪಲಿಲ್ಲ. ಸ್ವರ ಸರಿ, ತಾಲ ಸರಿ, ರಾಗ ಸರಿ. ಆದರೂ ಕೇಳಿದವರು ಬರಿಗೈಯಲ್ಲಿ ಮನೆಗೆ ತೆರಳಿದರು. ಇನ್ನೊಂದು ರಾತ್ರಿ ಅವನು ಒಂದೆರಡು ಕಡೆ ಎಡವಿದನು. ಒಮ್ಮೆ ಸಮವೂ ಕೈತಪ್ಪಿತು. ಆದರೂ ಆ ರಾತ್ರಿಯ ಗಾಯನವನ್ನು ಕೇಳಿದವರು ಹತ್ತು ವರುಷಗಳಾದರೂ ಮರೆಯಲಿಲ್ಲ. ತಪ್ಪಿಲ್ಲದ್ದು ಮರೆತುಹೋಗಿ, ತಪ್ಪಿದ್ದು ಉಳಿದುದೇಕೆ? ಈ ಪ್ರಶ್ನೆಯೇ ಇಂದಿನ ವಿಷಯವು.

ಮೊದಲು ಏಕಾಕಿಯಾಗಿ ಹಾಡುವವನ ಸ್ಥಿತಿಯನ್ನು ಅರಿಯಬೇಕು. ಭಜನೆಯಲ್ಲಿ ಒಬ್ಬನ ದನಿ ಕುಂದಿದರೆ ಹತ್ತು ದನಿಗಳು ಎತ್ತಿಹಿಡಿಯುವವು. ನಾಟಕದ ಪದಕ್ಕೆ ಮೊದಲೂ ಕೊನೆಯೂ ಗೊತ್ತಾಗಿರುವವು. ಖ್ಯಾಲ ಗಾಯನದ ರೀತಿಯೇ ಬೇರೆ. ಅಲ್ಲಿ ಗುರುವಿನಿಂದ ಬಂದ ಚೀಜು ಎಂದರೆ ನಾಲ್ಕಾರು ಸಾಲುಗಳ ಒಂದು ಪದ. ಸ್ಥಾಯಿ, ಅಂತರಾ ಎಂಬ ಎರಡು ಭಾಗಗಳು. ಹಾಡಿ ಮುಗಿಸಲು ಕೆಲವೇ ನಿಮಿಷಗಳು ಸಾಕು. ಒಂದು ತಾಸಿನ ಗಾಯನದಲ್ಲಿ ಉಳಿದುದೆಲ್ಲವೂ ಆಗಲೇ, ಆ ಸ್ಥಳದಲ್ಲಿಯೇ, ಗವಾಯಿಯ ಮನಸ್ಸಿನಲ್ಲಿ ಹುಟ್ಟಬೇಕು. ಹಿಂದೆ ತಂಬೂರಿ, ಬಲಕ್ಕೆ ತಬಲಾ, ಎಡಕ್ಕೆ ಸಾರಂಗಿ ಇಲ್ಲವೆ ಹಾರ್ಮೋನಿಯಂ ಇರುವವು. ಆದರೆ ಇವೆಲ್ಲ ಜತೆಗೆ ನಡೆಯುವವೇ ಹೊರತು ದಾರಿ ತೋರುವವಲ್ಲ. ಮುಂದಿನ ಸ್ವರ ಯಾವದು ಎಂಬದನ್ನು ಹಾಡುವವನೊಬ್ಬನೇ ನಿರ್ಧರಿಸಬೇಕು.

ಈ ಸ್ವಾತಂತ್ರ್ಯಕ್ಕೆ ಎರಡು ಕಟ್ಟುಗಳುಂಟು. ಒಂದು ರಾಗದ ಕಟ್ಟು. ಇನ್ನೊಂದು ತಾಲದ ಕಟ್ಟು. ವಿಲಂಬಿತ ಏಕತಾಲಕ್ಕೆ 12 ಮಾತ್ರೆಗಳು. ಅತಿ ವಿಲಂಬಿತವಾದಾಗ ಒಂದೇ ಆವರ್ತಕ್ಕೆ ಸುಮಾರು ಒಂದು ನಿಮಿಷ ಹಿಡಿಯುವದುಂಟು. ಅಷ್ಟು ಹೊತ್ತು ಗವಾಯಿಯು ತನ್ನ ಇಚ್ಛೆಯಂತೆ ಸಂಚರಿಸಿ, ಕೊನೆಗೆ ಮುಖಡಾ ಎಂಬ ಚೀಜಿನ ಮೊದಲ ನುಡಿಯನ್ನು ಹಿಡಿದು, ಸಮವೆಂಬ ಮೊದಲನೆಯ ಮಾತ್ರೆಗೆ ಸರಿಯಾಗಿ ಬಂದು ನಿಲ್ಲಬೇಕು. ಬಂದು ನಿಂತಾಗ ಸಭೆಯೆಲ್ಲ ತಲೆದೂಗುವದು. ಕೂದಲೆಳೆಯಷ್ಟು ತಪ್ಪಿದರೂ ತಬಲಾದವನಿಗೆ ಮೊದಲು ತಿಳಿಯುವದು, ಆಮೇಲೆ ಬಲ್ಲವರಿಗೆ, ಅವರ ಮುಖ ನೋಡಿ ಎಲ್ಲರಿಗೆ. ದೂರ ಹೋದಷ್ಟೂ ಮರಳಿ ಬರುವದು ಕಠಿಣ. ಮನೆಯಂಗಳದಲ್ಲಿಯೇ ಸುತ್ತಿದವನಿಗೆ ಅಂಥ ಕಷ್ಟವಿಲ್ಲ.

ಆದಕಾರಣವೇ ಕ್ಷೇಮಮಾರ್ಗವೊಂದು ಹುಟ್ಟಿಕೊಂಡಿತು. ಅದರ ರೀತಿ ಹೀಗೆ: ತಾನುಗಳನ್ನು ಮನೆಯಲ್ಲಿಯೇ ಕಟ್ಟಿ ಕಂಠಪಾಠ ಮಾಡುವದು, ಯಾವ ಮಾತ್ರೆಯಿಂದ ಎತ್ತಿದರೆ ಯಾವ ತಾನು ಸಮಕ್ಕೆ ಬೀಳುವದೆಂದು ಮೊದಲೇ ಎಣಿಸಿಡುವದು, ಸಭೆಯಲ್ಲಿ ಅದನ್ನು ಒಪ್ಪಿಸುವದು. ತಿಹಾಯಿಯ ಲೆಕ್ಕವನ್ನೇ ನೋಡಬಹುದು. 16 ಮಾತ್ರೆಗಳ ತ್ರಿತಾಲದಲ್ಲಿ 5 ಮಾತ್ರೆಗಳ ಒಂದು ತುಣುಕನ್ನು ಸಮದಿಂದಲೇ ಎತ್ತಿಕೊಂಡು, ನಡುನಡುವೆ ಒಂದೊಂದು ಮಾತ್ರೆ ಬಿಟ್ಟು, ಮೂರು ಸಲ ಹಾಡಿದರೆ 5, 1, 5, 1, 5 ಹೀಗೆ ಒಟ್ಟು 17 ಮಾತ್ರೆಗಳಾಗುವವು. ಆ 17ನೆಯ ಮಾತ್ರೆಯೇ ಮುಂದಿನ ಆವರ್ತದ ಸಮ. ಎಣಿಕೆ ಬಲ್ಲವನಿಗೆ ಇದು ಎಂದೂ ತಪ್ಪದು.

ಇದರಲ್ಲಿ ದೋಷವೇನೂ ಇಲ್ಲ. ಒಕ್ಕಲಿಗನು ಹಗೇವಿನಲ್ಲಿ ಜೋಳ ತುಂಬಿಡುವದು ತಪ್ಪೆ? ಗವಾಯಿಯೂ ತನ್ನ ಕಂಠದಲ್ಲಿ ಒಂದಿಷ್ಟು ಕೂಡಿಡಲೇಬೇಕು. ಶರೀರ ಸರಿಯಿಲ್ಲದ ದಿನ, ಸಾಥಿ ಹೊಸಬನಾದ ದಿನ, ಅದೇ ಅವನ ಮಾನ ಕಾಯುವದು. ಆದರೆ ಹಗೇವಿನ ಕಾಳನ್ನೇ ವರುಷ ವರುಷ ಉಣ್ಣುತ್ತ ಬಿತ್ತುವದನ್ನೇ ಬಿಟ್ಟ ಒಕ್ಕಲಿಗನ ಗತಿಯೇನು? ಕೂಡಿಟ್ಟುದನ್ನು ಮಾತ್ರ ಒಪ್ಪಿಸುವ ಗಾಯನದ ಗತಿಯೂ ಅದೇ. ಆಡುವ ಮಾತನ್ನು ಬರೆದುಕೊಂಡು ಬಂದು ಓದಿದಂತೆ ಅದು ಕೇಳಿಸುವದು. ಮಾತು ಸರಿಯಾಗಿಯೇ ಇರುವದು. ಎದುರಿಗಿದ್ದವರೊಡನೆ ಮಾತ್ರ ಆಡಿದಂತಾಗುವದಿಲ್ಲ.

ಇನ್ನು ಸಾಹಸಮಾರ್ಗವೆಂದರೇನು? ಅದಕ್ಕೆ ರಾಗದಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಭೂಪ, ದೇಶಕಾರ ಎಂಬ ಎರಡು ರಾಗಗಳಿರುವವು. ಎರಡಕ್ಕೂ ಸ್ವರಗಳು ಐದೇ: ಷಡ್ಜ, ರಿಷಭ, ಗಾಂಧಾರ, ಪಂಚಮ, ಧೈವತ, ಎಲ್ಲವೂ ಶುದ್ಧ. ಆದರೆ ಭೂಪವು ರಾತ್ರಿಯ ಮೊದಲ ಪ್ರಹರದ ರಾಗ, ಅದರ ಜೀವವು ಗಾಂಧಾರದಲ್ಲಿ. ದೇಶಕಾರವು ಬೆಳಗಿನ ರಾಗ, ಅದರ ಜೀವವು ಧೈವತದಲ್ಲಿ. ಭೂಪವನ್ನು ಹಾಡುವವನು ಧೈವತದ ಮೇಲೆ ಒಂದು ಕ್ಷಣ ಹೆಚ್ಚಾಗಿ ನಿಂತನೆಂದರೆ ರಾತ್ರಿಯಲ್ಲಿ ಬೆಳಗು ಇಣುಕಿದಂತಾಗುವದು. ಅಂಜುವ ಗವಾಯಿಯು ಧೈವತವನ್ನು ಮುಟ್ಟಿಯೂ ಮುಟ್ಟದಂತೆ ದಾಟಿಹೋಗುವನು. ಅವನ ಭೂಪವು ಕೆಡುವದಿಲ್ಲ, ಬೆಳೆಯುವದೂ ಇಲ್ಲ. ತಿಳಿಯದವನು ಅಲ್ಲಿಯೇ ಕುಳಿತುಬಿಡುವನು. ಅವನ ಭೂಪವು ಅಳಿದೇಹೋಗುವದು. ಸಿದ್ಧನಾದವನಾದರೋ ಬೇಕೆಂದೇ ಆ ಧೈವತದ ಮೇಲೆ ನಿಲ್ಲುವನು. ಕೇಳುವವರು, ಇದೇನು, ರಾಗವು ಎಲ್ಲಿಗೆ ಹೊರಟಿತು ಎಂದು ಗಾಬರಿಯಾಗುವಷ್ಟರಲ್ಲಿ ಪಂಚಮದಿಂದ ಇಳಿದು ಗಾಂಧಾರಕ್ಕೆ ಬಂದು ನಿಲ್ಲುವನು. ಆಗ ಆ ಗಾಂಧಾರವು ಮೊದಲಿಗಿಂತ ನೂರ್ಮಡಿ ಬೆಳಗುವದು.

ಶಾಸ್ತ್ರಜ್ಞರು ಇದಕ್ಕೆ ತಿರೋಭಾವ, ಆವಿರ್ಭಾವ ಎಂದು ಹೆಸರಿಟ್ಟಿರುವರು. ರಾಗವನ್ನು ಕೆಲ ಹೊತ್ತು ಮರೆಮಾಡುವದು ತಿರೋಭಾವ. ಮರಳಿ ಬೆಳಗಿಸುವದು ಆವಿರ್ಭಾವ. ಈ ಸಭೆಯವರಿಗೆ ತಿರೋಭಾವವೆಂಬ ಶಬ್ದವು ಪರಕೀಯವಲ್ಲ. ಸೃಷ್ಟಿ, ಸ್ಥಿತಿ, ಸಂಹಾರ, ತಿರೋಭಾವ, ಅನುಗ್ರಹ ಎಂದು ಶಿವನ ಪಂಚಕೃತ್ಯಗಳನ್ನು ಎಣಿಸುವಾಗ ಅನುಗ್ರಹಕ್ಕೆ ಹಿಂದೆಯೇ ತಿರೋಭಾವವು ಬರುವದನ್ನು ಎಲ್ಲರೂ ಕೇಳಿಯೇ ಇರುವರು. ಮರೆಯಾಗದ ವಸ್ತುವು ದೊರಕಿತೆಂಬ ಆನಂದವು ಯಾರಿಗುಂಟು? ಗಾಯನದಲ್ಲಿಯೂ ಹಾಗೆಯೇ. ಆದರೆ ಮರೆಮಾಡಿದುದನ್ನು ಮರಳಿ ತೋರಲಾರದೆ ಹೋದರೆ ಸಭೆಯ ಮುಂದೆ ನಗೆಗೀಡಾಗುವ ಭಯವು ಉಂಟೇ ಉಂಟು. ಆ ಭಯವನ್ನು ಅರಿತೂ ಮುಂದೆ ಹೆಜ್ಜೆಯಿಡುವದೇ ಸಾಹಸ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯವಾಗಿದೆ. ಸಾಹಸವು ಬೇರೆ, ದುಸ್ಸಾಹಸವು ಬೇರೆ. ಕಂಠವು ತಾಳದ ವೇಗದಲ್ಲಿ ತಾನುಗಳನ್ನು ಎಸೆಯುವದು, ತಬಲಾದವನೊಡನೆ ಜಟ್ಟಿಯಂತೆ ಸೆಣಸುವದು, ಚಪ್ಪಾಳೆಗಾಗಿ ರಾಗದ ಕಟ್ಟನ್ನು ಮುರಿಯುವದು, ಇವು ಸಾಹಸಗಳಲ್ಲ. ವಿಚಾರಮಾಡಿ ನೋಡಿದರೆ ಅಂಜುಬುರುಕ ಗಾಯನಕ್ಕೂ ದುಸ್ಸಾಹಸದ ಗಾಯನಕ್ಕೂ ಬೇರು ಒಂದೇ. ಅಂಜುವವನು, ತಪ್ಪಿದರೆ ಜನರು ತನ್ನನ್ನು ಏನೆನ್ನುವರೋ ಎಂದು ಚಿಂತಿಸುವನು. ಮೆರೆಯುವವನು, ಗೆದ್ದರೆ ಜನರು ತನ್ನನ್ನು ಎಷ್ಟು ಹೊಗಳುವರೋ ಎಂದು ಹಿಗ್ಗುವನು. ಇಬ್ಬರ ಕಣ್ಣೂ ತಮ್ಮ ಮೇಲೆಯೇ. ರಾಗದ ಮೇಲೆ ಯಾರ ಕಣ್ಣೂ ಇಲ್ಲ. ನಿಜವಾದ ಸಾಹಸಿಯು ಪಣಕ್ಕೆ ಒಡ್ಡುವದು ತನ್ನ ಕೀರ್ತಿಯನ್ನು, ರಾಗವನ್ನಲ್ಲ. ಅವನು ಹಾಡಿ ಮುಗಿಸಿದ ಮೇಲೆ ಕೇಳಿದವರ ನೆನಪಿನಲ್ಲಿ ರಾಗವು ಉಳಿದಿದ್ದರೆ ಅದು ಸಾಹಸ. ಗವಾಯಿಯ ಆರ್ಭಟವಷ್ಟೇ ಉಳಿದಿದ್ದರೆ ದುಸ್ಸಾಹಸ. ಇದಕ್ಕಿಂತ ಬೇರೆ ಒರೆಗಲ್ಲು ಬೇಕಿಲ್ಲ.

ಈ ಮಾತಿಗೆ ನಮ್ಮ ನಾಡಿನವರ ಚರಿತ್ರೆಯೇ ಸಾಕ್ಷಿ. ಧಾರವಾಡದ ಹತ್ತಿರದ ಮನಸೂರಿನಲ್ಲಿ ಹುಟ್ಟಿದ ಪಂಡಿತ ಮಲ್ಲಿಕಾರ್ಜುನ ಮನಸೂರ ಅವರು ಬಾಲ್ಯದಲ್ಲಿ ನಾಟಕದ ಕಂಪನಿಯಲ್ಲಿದ್ದು, ಆಮೇಲೆ ಮಿರಜೆಯಲ್ಲಿ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ ಪದ್ಧತಿಯನ್ನು ವರುಷಗಟ್ಟಲೆ ಅಭ್ಯಾಸಮಾಡಿದರು. ಅವರ ಗಾಯನದ ಧ್ವನಿಮುದ್ರಿಕೆಗಳು ಹೊರಟು ಜನರಲ್ಲಿ ಹೆಸರೂ ಆಯಿತು. ಅಷ್ಟಕ್ಕೇ ನಿಂತಿದ್ದರೆ ಜೀವನವು ಸುಖವಾಗಿಯೇ ಸಾಗುತ್ತಿತ್ತು. ಆದರೆ 1935ರ ಸುಮಾರಿಗೆ ಅವರು ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಹೆಸರಾದ ಗವಾಯಿಯು ಕಲಿತ ದಾರಿಯನ್ನು ಬದಿಗಿಟ್ಟು, ಜಯಪುರ ಅತ್ರೌಲಿ ಘರಾಣೆಯ ತೊಡಕಾದ ದಾರಿಯಲ್ಲಿ ಮೊದಲ ಹೆಜ್ಜೆಯಿಂದ ನಡೆಯುವದು ಸಣ್ಣ ಮಾತಲ್ಲ. 1937ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಂಡರು. ಆಗಲೂ ಮನಸೂರ ಅವರು ಹಿಂದಿರುಗಲಿಲ್ಲ. ಮಂಜೀಖಾನರ ತಮ್ಮಂದಿರಾದ ಬುರ್ಜೀಖಾನರಲ್ಲಿ ಶಿಕ್ಷಣವನ್ನು ಮುಂದುವರಿಸಿದರು.

ಮುಂದೆ ಅವರು ಸಭೆಯಲ್ಲಿ ಹಾಡಲು ಆರಿಸಿಕೊಂಡ ರಾಗಗಳಾದರೂ ಎಂಥವು! ಖಟ, ಶಿವಮತ ಭೈರವ, ಬಹಾದುರಿ ತೋಡಿ ಮುಂತಾದ ಅಪ್ರಚಲಿತ ರಾಗಗಳು. ಎರಡು ರಾಗಗಳು ಬೆರೆತ ಜೋಡುರಾಗಗಳು. ಇಂಥವುಗಳಲ್ಲಿ ಒಂದು ಸ್ವರ ಜಾರಿದರೂ ಪಕ್ಕದ ರಾಗದ ಹೊಲದಲ್ಲಿ ಕಾಲಿಟ್ಟಂತಾಗುವದು. ಎಲ್ಲರೂ ಬಲ್ಲ ರಾಗಗಳನ್ನು ಹಾಡಿ ಮನ್ನಣೆ ಪಡೆಯುವದು ಸುಲಭವಿದ್ದಾಗಲೂ ಅವರು ಆ ಇಕ್ಕಟ್ಟಿನ ದಾರಿಯನ್ನೇ ಹಿಡಿದರು. 1992ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಗಾಯನವು ಮುಪ್ಪನ್ನು ಅರಿಯಲಿಲ್ಲವೆಂದು ಕೇಳಿದವರು ಹೇಳುವರು. ಅದಕ್ಕೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಎರಡನೆಯ ಸಾಕ್ಷಿಯು ಇದಕ್ಕಿಂತಲೂ ವಿಚಾರಕ್ಕೆ ಹಚ್ಚುವಂಥದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನಿಗೆ ಮಠಾಧೀಶರೊಬ್ಬರು ಕುಮಾರ ಗಂಧರ್ವನೆಂಬ ಬಿರುದನ್ನು ಕೊಟ್ಟರು. ಹೆಸರಾಂತ ಗವಾಯಿಗಳ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಅವುಗಳನ್ನು ಇದ್ದಕ್ಕಿದ್ದಂತೆ ಹಾಡಿ ತೋರಿಸುವದು ಆ ಬಾಲಕನ ಅದ್ಭುತ ಶಕ್ತಿಯಾಗಿತ್ತು. 1935ರಲ್ಲಿ ಪ್ರಯಾಗದ ಸಂಗೀತ ಪರಿಷತ್ತಿನಲ್ಲಿ ಅವನ ಗಾಯನವನ್ನು ಕೇಳಿ ದೊಡ್ಡ ದೊಡ್ಡ ಕಲಾವಿದರೂ ಬೆರಗಾದರು. ಕ್ಷೇಮಮಾರ್ಗಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ದೊರೆಯಲಾರದು. ಮುದ್ರಿಕೆಯು ತಪ್ಪುವದಿಲ್ಲ, ಅದನ್ನು ಅನುಕರಿಸಿದವನೂ ತಪ್ಪುವದಿಲ್ಲ. ಆದರೆ ಆ ಬಾಲಕನು ಬೆಳೆದು ಮುಂಬಯಿಯಲ್ಲಿ ಪ್ರೊಫೆಸರ ದೇವಧರರ ಹತ್ತಿರ ಶಾಸ್ತ್ರೋಕ್ತವಾಗಿ ಅಭ್ಯಾಸಮಾಡಿದ ಮೇಲೆ, ಬೇರೊಬ್ಬರ ದನಿಯನ್ನು ತನ್ನದೆಂದು ಹಾಡುವದನ್ನು ತೊರೆದನು.

ಅಷ್ಟರಲ್ಲಿ ಕ್ಷಯರೋಗವು ಬಂದೆರಗಿತು. 1948ರಲ್ಲಿ ಹವೆಗಾಗಿ ಮಾಳವದ ದೇವಾಸಕ್ಕೆ ಹೋಗಿ ನೆಲಸಿದ ಕುಮಾರ ಗಂಧರ್ವ ಅವರು ಕೆಲವು ವರುಷಗಳ ಕಾಲ ಹಾಡದೆ ಹಾಸಿಗೆಯನ್ನು ಹಿಡಿದಿರಬೇಕಾಯಿತು. ಹಾಡಲಾಗದಿದ್ದರೂ ಕೇಳಲು ಅಡ್ಡಿಯಿರಲಿಲ್ಲ. ಮಾಳವದ ಹೆಣ್ಣುಮಕ್ಕಳು ಹಾಡುವ ಜಾನಪದದ ಧಾಟಿಗಳನ್ನು ಅವರು ಏಕಚಿತ್ತದಿಂದ ಕೇಳಿದರು. 1953ರ ಸುಮಾರಿಗೆ ಮತ್ತೆ ಸಭೆಗೆ ಬಂದಾಗ ಒಂದು ಪುಪ್ಪುಸದ ಶಕ್ತಿಯು ಕುಂದಿತ್ತು. ಹಿಂದಿನ ಹಾಗೆ ಉದ್ದ ಉಸಿರಿನ ಗಾಯನವು ಸಾಧ್ಯವಿರಲಿಲ್ಲ. ಆಗ ಅವರು ಸಣ್ಣ ಸಣ್ಣ ತುಣುಕುಗಳ, ನಡುನಡುವೆ ಮೌನವಿರುವ ಹೊಸದೊಂದು ರೀತಿಯನ್ನು ಕಟ್ಟಿಕೊಂಡರು. ಜಾನಪದ ಧಾಟಿಗಳೊಳಗಿಂದ ಮಾಲವತಿ, ಸಂಜಾರಿ ಮುಂತಾದ ಹೊಸ ರಾಗಗಳನ್ನು ತೆಗೆದರು. ಇದು ಘರಾಣೆಯ ರೀತಿಯಲ್ಲವೆಂದು ಆಕ್ಷೇಪಿಸಿದವರು ಬಹಳ. ಬಾಲ್ಯದ ಹೆಸರನ್ನೇ ನೆಚ್ಚಿ ಹಳೆಯ ಗಾಯನವನ್ನು ಕುಂಟುತ್ತ ಸಾಗಿಸಿದ್ದರೆ ಯಾರೂ ಅವರನ್ನು ಟೀಕಿಸುತ್ತಿರಲಿಲ್ಲ. ಅಯ್ಯೋ ಎಂದು ಮರುಗುತ್ತಿದ್ದರು, ಅಷ್ಟೇ. ಮರುಕಕ್ಕಿಂತ ಟೀಕೆಯೇ ಲೇಸೆಂದು ಅವರು ಬಗೆದಂತೆ ತೋರುವದು.

ಹಾಗಾದರೆ ಇಂಥ ಧೈರ್ಯವು ಎಲ್ಲಿಂದ ಬರುವದು? ಹುಟ್ಟಿನಿಂದಲೇ ಬರುವದೆಂದು ಕೆಲವರು ಹೇಳಬಹುದು. ಅದಕ್ಕೆ ಉತ್ತರವು ಗದುಗಿನ ಕಡೆಗೆ ನೋಡಿದರೆ ದೊರೆಯುವದು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ ಕೃಪೆಗೆ ಪಾತ್ರರಾದ ಪಂಚಾಕ್ಷರಿ ಗವಾಯಿಗಳವರು (1892-1944) ಕಣ್ಣಿಲ್ಲದವರಾಗಿದ್ದೂ ಕರ್ನಾಟಕ, ಹಿಂದುಸ್ತಾನಿ ಎಂಬ ಎರಡೂ ಪದ್ಧತಿಗಳಲ್ಲಿ ನಿಷ್ಣಾತರಾದರು. ಅಂಧರಿಗೂ ಅನಾಥರಿಗೂ ಬಡವರ ಮಕ್ಕಳಿಗೂ ಅನ್ನವನ್ನೂ ಗಾನವನ್ನೂ ಕೂಡಿಯೇ ನೀಡಿದರು. ಅವರ ಶಿಷ್ಯರಲ್ಲಿ ಬಸವರಾಜ ರಾಜಗುರು ಅವರೊಬ್ಬರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ಜರುಗಿದಾಗ ತರುಣ ಬಸವರಾಜರು ಮೊದಲ ಸಲ ದೊಡ್ಡ ಸಭೆಯ ಮುಂದೆ ಹಾಡಲು ಕುಳಿತರು. ಅವರಿಗೆ ತಬಲಾ ಸಾಥಿಯನ್ನು ಮಾಡಿದವರು ಯಾರು? ಸ್ವತಃ ಪಂಚಾಕ್ಷರಿ ಗವಾಯಿಗಳವರು!

ಈ ಒಂದು ಚಿತ್ರವನ್ನು ಮನಸ್ಸಿನಲ್ಲಿ ಹಿಡಿದರೆ ವಿಷಯದ ತಿರುಳೆಲ್ಲ ತಿಳಿದಂತೆಯೇ ಸರಿ. ಗುರುವು ಮುಂದೆ ಕುಳಿತು ಹಾಡಲಿಲ್ಲ. ಶಿಷ್ಯನಿಗೆ ದಾರಿಯನ್ನೂ ಹಾಕಿಕೊಡಲಿಲ್ಲ. ಪಕ್ಕದಲ್ಲಿ ಕುಳಿತು ಠೇಕಾ ಹಿಡಿದರು. ಶಿಷ್ಯನು ಎಷ್ಟು ದೂರ ಹೋದರೂ ಆ ಠೇಕಾ ಅಲ್ಲಿಯೇ ಇರುವದು. ಅವನು ಮರಳಿ ಬರುವ ಸಮವು ಕದಲದೆ ಕಾದಿರುವದು. ಕಲಿಸುವ ಕಾಲದಲ್ಲಿ ಒಂದು ಸ್ವರದ ತಪ್ಪನ್ನೂ ಸಹಿಸದ ಗುರುವೇ ಸಭೆಯಲ್ಲಿ ಶಿಷ್ಯನ ಸಾಹಸಕ್ಕೆ ನೆಲವಾಗುವನು. ಸುರಕ್ಷಿತತೆಗೆ ಸ್ಥಾನವು ರಿಯಾಜಿನಲ್ಲಿ. ಅಲ್ಲಿ ಒಂದೇ ಪಲ್ಲಟವನ್ನು ಸಾವಿರ ಸಲ ತಿರುವಿಹಾಕಬೇಕು. ರಾಗದ ಮೇರೆಯನ್ನು ಕತ್ತಲಲ್ಲಿಯೂ ಕಾಲಿಗೆ ತಿಳಿಯುವಂತೆ ಮಾಡಿಕೊಳ್ಳಬೇಕು. ಸಾಹಸಕ್ಕೆ ಸ್ಥಾನವು ಸಭೆಯಲ್ಲಿ. ಈ ಕ್ರಮವು ತಲೆಕೆಳಗಾದರೆ, ಮನೆಯಲ್ಲಿ ಸಡಿಲ, ಸಭೆಯಲ್ಲಿ ಬಿಗಿ ಎಂದಾದರೆ, ಗಾಯನವು ಎರಡೂ ಕಡೆ ಕೆಡುವದು.

ಇಲ್ಲಿ ಒಂದು ಆಕ್ಷೇಪಣೆಯು ಏಳಬಹುದು. ಗುರುಸನ್ನಿಧಿಯಲ್ಲಿ, ದೇವರ ಮುಂದೆ ಹಾಡುವಾಗ ನಿರ್ದೋಷವಾದುದನ್ನೇ ಅರ್ಪಿಸಬೇಕಲ್ಲವೆ? ಗೊತ್ತಿದ್ದೂ ತಪ್ಪುವ ಸಂಭವವಿರುವದನ್ನು ಹಾಡುವದು ಅವಿನಯವಲ್ಲವೆ? ಆಕ್ಷೇಪಣೆಯು ಗೌರವಕ್ಕೆ ಅರ್ಹವಾದುದೇ. ಆದರೆ ತಪ್ಪಿನಲ್ಲಿಯೂ ಎರಡು ಬಗೆಗಳುಂಟು. ಅಭ್ಯಾಸವಿಲ್ಲದೆ ಬಂದು ತಪ್ಪುವದು ಸಭೆಗೆ ಮಾಡಿದ ಅಪಚಾರ, ಅದಕ್ಕೆ ಕ್ಷಮೆಯಿಲ್ಲ. ಅಭ್ಯಾಸದ ಮೇರೆಯನ್ನು ಮುಟ್ಟಿ, ಅದರಾಚೆಗಿರುವ ಒಂದು ಸ್ವರಸ್ಥಾನವನ್ನು ಹುಡುಕುವಾಗ ತಪ್ಪುವದು ಬೇರೆ. ಮೊದಲನೆಯದು ಸೋಮಾರಿತನದ ಫಲ. ಎರಡನೆಯದು ದುಡಿಮೆಯ ಫಲ. ಹಳಸಿದ ಅಡಿಗೆಯನ್ನು ಬಂಗಾರದ ತಾಟಿನಲ್ಲಿ ಬಡಿಸುವದಕ್ಕಿಂತ, ಆಗ ತಾನೇ ಮಾಡಿದ ಬಿಸಿ ರೊಟ್ಟಿಯು ಒಂದು ಕಡೆ ತುಸು ಕರಿಕಾಗಿದ್ದರೂ ಅದೇ ಅರ್ಪಣೆಗೆ ಯೋಗ್ಯವು.

ಕೊನೆಯ ಮಾತು ಗವಾಯಿಗಳಿಗಲ್ಲ, ಕೇಳುವವರಿಗೆ. ಹಿಂದಿನ ಧ್ವನಿಮುದ್ರಿಕೆಯಲ್ಲಿ ಒಂದು ಮಗ್ಗಲಿಗೆ ಮೂರು ನಾಲ್ಕು ನಿಮಿಷಗಳ ಗಾಯನವಷ್ಟೇ ಹಿಡಿಯುತ್ತಿತ್ತು. ಅಷ್ಟರಲ್ಲಿ ಸಾಹಸಕ್ಕೆ ಅವಕಾಶವು ಬಹಳ ಕಡಿಮೆ. ಇಂದು ಪ್ರತಿಯೊಬ್ಬರ ಅಂಗೈಯಲ್ಲಿಯೂ ಗಾಯನವನ್ನು ಹಿಡಿದಿಡುವ ಯಂತ್ರವಿರುವದು. ತರುಣ ಗವಾಯಿಯು ಒಂದು ಸಮವನ್ನು ತಪ್ಪಿದರೆ ಆ ತಪ್ಪು ಬೆಳಗಾಗುವದರೊಳಗೆ ಊರೂರನ್ನು ಮುಟ್ಟುವದು. ಸ್ಪರ್ಧೆಗಳಲ್ಲಿ ಹತ್ತು ನಿಮಿಷದೊಳಗೆ ಎಲ್ಲವನ್ನೂ ತೋರಿಸಬೇಕು. ತಪ್ಪಿಗೆ ಅಂಕ ಕಳೆಯುವರು, ಹುಡುಕಾಟಕ್ಕೆ ಅಂಕ ಕೊಡುವವರಿಲ್ಲ. ಹೀಗಿರಲಾಗಿ ತರುಣರು ಕ್ಷೇಮಮಾರ್ಗವನ್ನೇ ಹಿಡಿದರೆ ದೋಷವು ಅವರೊಬ್ಬರದೇ ಅಲ್ಲ. ಬಿದ್ದವನನ್ನು ನೋಡಿ ನಗುವ ಊರಿನಲ್ಲಿ ಯಾವ ಹುಡುಗನೂ ಮರ ಹತ್ತಲಾರನು.

ಮಠದ ವೇದಿಕೆಯಾದರೂ ಈ ಭಯದಿಂದ ಮುಕ್ತವಾಗಿರಲಿ. ಕಣ್ಣಿಲ್ಲದ ಬಾಲಕನಲ್ಲಿ ಗಾನಯೋಗಿಯನ್ನು ಕಂಡದ್ದು ಮಠವೇ. ಏಳೆಂಟು ವರುಷದ ಕೂಸಿಗೆ ಗಂಧರ್ವನೆಂಬ ಹೆಸರಿಟ್ಟದ್ದೂ ಮಠವೇ. ಫಲವು ಕಾಣುವ ಮೊದಲೇ ನಂಬಿ ನೀರೆರೆದ ಆ ಪರಂಪರೆಯವರಿಗೆ ಇದು ಕಠಿಣವಲ್ಲ. ಜಾತ್ರೆಯಲ್ಲಿ ಹಾಡಲು ಬಂದ ತರುಣನಿಗೆ ಹತ್ತು ನಿಮಿಷದ ಬದಲು ಒಂದು ತಾಸನ್ನು ಕೊಡಲಿ. ಅವನು ವಿಲಂಬಿತದಲ್ಲಿ ರಾಗವನ್ನು ಹುಡುಕುತ್ತಿರುವಾಗ ಬೇಗ ಮುಗಿಸಿ ಅಭಂಗ, ನಾಟ್ಯಪದ ಹಾಡೆಂದು ಚೀಟಿ ಕಳಿಸದಿರಲಿ. ಸಮವು ತಪ್ಪಿದಾಗ ಮುಖ ಮುಖ ನೋಡಿ ನಗದಿರಲಿ. ತಪ್ಪನ್ನು ತಿದ್ದಲು ಗುರುಗಳಿರುವರು; ಅವರು ಮರುದಿನ ಏಕಾಂತದಲ್ಲಿ ತಿದ್ದುವರು. ಸಭೆಯ ಕೆಲಸವು, ಅಂದು ಹಂಪೆಯಲ್ಲಿ ಪಂಚಾಕ್ಷರಿ ಗವಾಯಿಗಳವರು ಮಾಡಿದಂತೆ, ಠೇಕಾ ಹಿಡಿದು ಕಾದಿರುವದು.

ಹಾಗೆ ಕಾಯುವ ಸಭೆಯ ಮುಂದೆ ಇಂದಿಲ್ಲ ನಾಳೆ ಒಬ್ಬ ತರುಣನು ಕಲಿತುದರ ಅಂಚಿನವರೆಗೆ ನಡೆದು, ಒಂದು ಕ್ಷಣ ನಿಂತು, ಮುಂದಕ್ಕೆ ಹೆಜ್ಜೆಯಿಡುವನು. ಅವನು ಮರಳಿ ಸಮಕ್ಕೆ ಬಂದು ನಿಂತಾಗ ಆಗುವ ಆನಂದದಲ್ಲಿ ಹಾಡಿದವನಿಗೆಷ್ಟೋ ಕಾದು ಕೇಳಿದವರಿಗೂ ಅಷ್ಟೇ ಪಾಲಿರುವದು. ಆ ಭಾಗ್ಯವು ಈ ಸಭೆಯ ಎಲ್ಲರಿಗೂ ಒದಗಲಿ.